ಹನ್ನೊಂದು ಮೀಟರ್

ಹತ್ತು ಕಿಲೋಮೀಟರನ್ನು ನಲವತ್ತು ನಿಮಿಷದ ಒಳಗೆ ಓಡಬೇಕೆಂಬ ಹುಚ್ಚು ನನಗೆ ಹಿಡಿದದ್ದು ಮುಳಬಾಗಿಲಿನ ಕಾಲೇಜಿನಲ್ಲಿ ಎರಡನೆಯ ವರ್ಷದ ಡಿಗ್ರಿ ಓದುತ್ತಿದ್ದಾಗ. ಲೋಕದ ದೊಡ್ಡ ಓಟಗಾರ್ತಿಯರಿಗೆ ನಲವತ್ತು ನಿಮಿಷ ಯಾವ ಲೆಕ್ಕ? ಅವರು ಮೂವತ್ತರ ಆಸುಪಾಸಿನಲ್ಲಿ ಮುಗಿಸಿ ನೀರು ಕುಡಿಯುತ್ತಿರುತ್ತಾರೆ. ಆದರೆ ಬೈರಕೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ, ಬೆಳಗಾಗುತ್ತಿದ್ದಂತೆ ಹಿಪ್ಪುನೇರಳೆ ಸೊಪ್ಪು ಕಿತ್ತು ಹುಳುಗಳಿಗೆ ಹಾಕಿ, ಆಮೇಲೆ ಓಡಿ, ಆಮೇಲೆ ಬಸ್ಸು ಹಿಡಿಯುವ ಹುಡುಗಿಗೆ ಆ ನಲವತ್ತು ದೊಡ್ಡ ಗೋಡೆಯೇ ಆಗಿತ್ತು. ನಮ್ಮ ಕಡೆಯ ಹುಡುಗಿಯರಲ್ಲಿ ಯಾರೂ ಅದನ್ನು ದಾಟಿದ್ದು ನನಗೆ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿ ಒಬ್ಬ ನಿವೃತ್ತ ಕೋಚ್ ಇದ್ದರು. ಹಳ್ಳಿ ಕಡೆಯ ಮಕ್ಕಳನ್ನು ತಮ್ಮ ಶಿಬಿರದಲ್ಲಿಟ್ಟುಕೊಂಡು ಊಟ ಹಾಕಿ, ಓಡಿಸಿ, ಓದಿಸುತ್ತಿದ್ದರು. ಆ ವರ್ಷ ನಮ್ಮ ಜಿಲ್ಲೆಯಿಂದ ಒಬ್ಬಳೇ ಹುಡುಗಿಗೆ ಜಾಗವಿತ್ತು. ಅವರಿಗೆ ಮಂಡಿಯ ಆಪರೇಷನ್ ಆಗಿ ಇಲ್ಲಿಗೆ ಬಂದು ಓಡಿಸಿ ನೋಡುವ ಹಾಗಿರಲಿಲ್ಲ. ‘ನಿಮ್ಮ ನಿಮ್ಮ ಊರಲ್ಲೇ ಸರಿಯಾಗಿ ಅಳೆದ ಜಾಗದಲ್ಲಿ ಓಡಿ ವಿಡಿಯೋ ಕಳಿಸಿ, ಇಬ್ಬರು ದೊಡ್ಡವರ ಸಹಿ ಇರಲಿ. ನಲವತ್ತರ ಒಳಗೆ ಬಂದವರಲ್ಲಿ ಯಾರು ವೇಗವೋ ಅವಳಿಗೆ ಜಾಗ’ ಎಂದರು. ಆ ಜಾಗ ಸಿಗದಿದ್ದರೆ ನನ್ನ ಓಟ ಡಿಗ್ರಿಯ ಜೊತೆಗೇ ಮುಗಿಯುತ್ತಿತ್ತು. ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ನನಗೆ ಟ್ರ್ಯಾಕ್ ಮಾಡಿಕೊಟ್ಟವನು ನಮ್ಮಣ್ಣ. ಅವನು ಡ್ರಿಪ್ ಪೈಪ್ ಹಾಕುವುದರಲ್ಲಿ ಪಳಗಿದ ಕೈ. ಸುತ್ತಿನ ಹಳ್ಳಿಗಳಲ್ಲಿ ಟೊಮೇಟೊ ನಾಟಿ ಮಾಡುವವರು ಮೊದಲು ಅವನಿಗೆ ಫೋನು ಮಾಡುತ್ತಿದ್ದರು. ಒಂದು ದಿನ ಹೊಸ ಪೈಪಿನ ಬಂಡಲ್ ಒಂದನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ಮಾವಿನ ತೋಪಿನ ಮುಂದೆ ದೊಪ್ಪನೆ ಹಾಕಿದ.

‘ನಿಮ್ಮ ಟ್ರ್ಯಾಕ್ ಒಂದ್ ಸುತ್ತು ಎಷ್ಟು?’

‘ನಾನೂರು ಮೀಟರ್.’

‘ಈ ಬಂಡಲ್ಲೂ ನಾನೂರೇ ಕಣೇ. ಇನ್ನೇನ್ ಬೇಕು ನಿಂಗೆ?’

ಎರಡೂವರೆ ಎಕರೆ ತೋಪಿನ ಸುತ್ತ ಆ ಕಪ್ಪು ಪೈಪನ್ನು ಬಿಚ್ಚುತ್ತಾ ಹೋದೆವು. ಮೋಟರ್ ಶೆಡ್ಡಿನ ಮುಂದೆ ಶುರು, ಅಲ್ಲೇ ಕೊನೆ. ಎರಡು ತುದಿಗಳೂ ಕೂಡಿದರೆ ಸುತ್ತು ಸರಿ ಎಂದು ಅರ್ಥ. ನಾನು ಸುಮ್ಮನೆ ನಂಬುವವಳಲ್ಲ. ಶಾಲೆಯಿಂದ ಟೇಪ್ ತಂದು ಪೂರ್ತಿ ಅಳೆದೆ. ನಾನೂರರ ಮೇಲೆ ಒಂದು ಗೇಣು ಹೆಚ್ಚೇ ಇತ್ತು. ಅಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ಆಯ್ತಾ ಮಹಾರಾಣಿ?’ ಎಂದ. ಪೈಪಿನ ಪಕ್ಕದಲ್ಲಿ ಇಪ್ಪತ್ತೈದು ಸುತ್ತು ಓಡಿದರೆ ಹತ್ತು ಕಿಲೋಮೀಟರ್. ಸುತ್ತು ತಪ್ಪಬಾರದೆಂದು ಅಣ್ಣ ಶೆಡ್ಡಿನ ಕಟ್ಟೆಯ ಮೇಲೆ ಇಪ್ಪತ್ತೈದು ಹುಣಸೆ ಬೀಜ ಇಟ್ಟುಕೊಂಡು, ನಾನು ದಾಟಿದ ಹಾಗೆಲ್ಲ ಒಂದೊಂದನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಐದು ತಿಂಗಳು ಓಡಿದೆ. ನಲವತ್ತು ನಿಮಿಷ ಐವತ್ತು ಸೆಕೆಂಡು. ನಲವತ್ತು ನಲವತ್ತೈದು. ನಲವತ್ತು ಮೂವತ್ತೆಂಟು. ಮತ್ತೆ ನಲವತ್ತು ನಲವತ್ತೈದು. ಒಂದು ಬೆಳಿಗ್ಗೆ ಓಟ ಮುಗಿಸಿ ಶೆಡ್ಡಿನ ಗೋಡೆಗೆ ಒರಗಿ ಹೋ ಎಂದು ಅತ್ತುಬಿಟ್ಟೆ. ಅಣ್ಣ ಹುಣಸೆ ಬೀಜಗಳನ್ನು ಗುಡ್ಡೆ ಮಾಡಿ ಜೇಬಿಗೆ ಹಾಕಿಕೊಂಡು ಎದ್ದು ಹೋದ.

ಆ ದಿನಗಳಲ್ಲಿ ಓಟದ ನಿಯಮಗಳ ವಿಷಯದಲ್ಲಿ ನಾನು ಮಹಾ ಪಂಡಿತೆ. ಯಾವುದು ನ್ಯಾಯ, ಯಾವುದು ಅನ್ಯಾಯ ಎಂದು ಫೋನಿನಲ್ಲಿ ಓದಿ ಓದಿ ಎಲ್ಲರ ತಲೆ ತಿನ್ನುತ್ತಿದ್ದೆ. ಪೂರ್ತಿ ಮ್ಯಾರಥಾನನ್ನು ಎರಡು ಗಂಟೆಯೊಳಗೆ ಓಡಿ ಮುಗಿಸಿದವನ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದೆ. ಮುಂದೆ ಕಾರು ಹೋಗುತ್ತಾ ದಾರಿಯ ಮೇಲೆ ಬೆಳಕಿನ ಗೆರೆ ಬಿಡುತ್ತಿತ್ತು, ಸುತ್ತ ಜೊತೆಗಾರರು ಸರದಿಯ ಮೇಲೆ ಬಂದು ಗಾಳಿಗೆ ಅಡ್ಡವಾಗಿ ಓಡುತ್ತಿದ್ದರು, ಅದಕ್ಕೇ ಅದನ್ನು ದಾಖಲೆ ಎಂದು ಬರೆದುಕೊಳ್ಳಲಿಲ್ಲ ಎಂದು ವಿವರಿಸುತ್ತಿದ್ದೆ. ಚಿಕ್ಕಪ್ಪನ ಮಗಳು ಎಲ್ಲಿಂದಲೋ ವೇಗ ಕೊಡುವ ದಪ್ಪ ಅಟ್ಟೆಯ ಶೂ ಕಳಿಸಿದಾಗ, ‘ಶೂ ಓಡೋದಾದ್ರೆ ಶೂಗೇ ಸೀಟ್ ಕೊಡ್ಲಿ’ ಎಂದು ಅಟ್ಟದ ಮೇಲೆಸೆದಿದ್ದೆ. ಅಮ್ಮ ತೆಲುಗಿನಲ್ಲಿ ಗೊಣಗಿಕೊಂಡು ಅದನ್ನು ಇಳಿಸಿ, ಧೂಳು ಕೊಡವಿ, ಹುಳುಮನೆಗೆ ಹೋಗುವಾಗ ತಾನೇ ಹಾಕಿಕೊಳ್ಳತೊಡಗಿದಳು.

ನಾನು ಅತ್ತು ಒಂದು ವಾರವಾಗಿತ್ತೇನೋ. ಬೆಳಿಗ್ಗೆ ತೋಪಿಗೆ ಹೋದರೆ ಆ ತುದಿಯ ಮೂಲೆಯಲ್ಲಿ ಪೈಪು ಒಳಕ್ಕೆ ಸರಿದಿತ್ತು. ಮೊದಲು ಕೊನೆಯ ಸಾಲಿನ ಮರದ ಹೊರಗೆ ತಿರುಗುತ್ತಿದ್ದದ್ದು ಈಗ ಎರಡು ಮರಗಳ ನಡುವೆ ಹಾದು ಹೋಗುತ್ತಿತ್ತು. ಮೂಲೆಯಲ್ಲಿ ಒಂದು ಹುತ್ತ. ಅದು ಮೊದಲಿನಿಂದಲೂ ಇದ್ದದ್ದೇ, ಬರೀ ಗೆದ್ದಲು ಮಣ್ಣಿನ ಗುಡ್ಡೆ. ಈಗ ಅದರ ಮೇಲೆ ಅರಿಶಿನ, ಕುಂಕುಮ, ಎರಡು ಹೂವು.

‘ಪೊರೆ ಬಿಟ್ಟಿತ್ತು ಕಣೇ. ಇಷ್ಟುದ್ದ. ದಿನಾ ಇಪ್ಪತ್ತೈದು ಸಲ ಅದರ ತಲೆ ಮೇಲೆ ಧಡಧಡ ಅಂತ ಓಡಿದ್ರೆ ಸುಮ್ನಿರ್ತದಾ? ಅದಕ್ಕೇ ಪೈಪ್ ಒಳಗೆ ಹಾಕಿದೀನಿ’ ಎಂದ ಅಣ್ಣ.

‘ಅಳತೆ?’

‘ಈ ಕಡೆ ಒಳಗೆ ತಗೊಂಡಿದ್ದನ್ನ ಆ ಕಡೆ ಬಿಟ್ಟಿದೀನಿ. ನೋಡ್ಕೋ, ತುದಿ ಕೂಡ್ತದೋ ಇಲ್ವೋ.’

ಹೋಗಿ ನೋಡಿದೆ. ತುದಿಗಳು ಕೂಡಿದ್ದವು. ನಾನೂರು ಮೀಟರಿನ ಬಂಡಲ್, ಎರಡು ತುದಿಯೂ ಕೂಡಿದೆ, ಇನ್ನೇನು ಅನುಮಾನ? ಶೂ ಮೇಲೆ, ಗಾಳಿಯ ಮೇಲೆ, ಕಂಡಕಂಡವರ ಓಟದ ಮೇಲೆ ಅನುಮಾನ ಪಟ್ಟ ನಾನು ಆ ಹುತ್ತದ ಮುಂದೆ ಟೇಪ್ ಹಿಡಿಯಲಿಲ್ಲ. ನಮ್ಮ ಕಡೆ ಹುತ್ತಕ್ಕೆ ಕುಂಕುಮ ಬಿದ್ದ ಮೇಲೆ ಅದರ ಬಗ್ಗೆ ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲ. ಅಮ್ಮ ಅವತ್ತೇ ಸಂಜೆ ಬಟ್ಟಲಲ್ಲಿ ಹಾಲು ತಂದು ಎರೆದಳು. ನಾನೂ ಕೈ ಮುಗಿದೆ.

ಮೂರನೆಯ ದಿನ ಓಡಿದಾಗ ಮೂವತ್ತೊಂಬತ್ತು ನಿಮಿಷ ಐವತ್ತು ಸೆಕೆಂಡು. ಮುಂದಿನ ಭಾನುವಾರ ಡೈರಿ ಸೆಕ್ರೆಟರಿ ಮತ್ತು ನಮ್ಮೂರಿನ ಶಾಲೆಯ ಹೆಡ್ ಮಾಸ್ಟರನ್ನು ಕರೆಸಿ, ಟ್ರ್ಯಾಕ್ಟರ್ ಬಾನೆಟ್ ಮೇಲೆ ಫೋನು ನಿಲ್ಲಿಸಿ ಓಡಿದೆ. ಮೂವತ್ತೊಂಬತ್ತು ಮೂವತ್ತೊಂದು. ಅಣ್ಣ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅವನ ಕಣ್ಣಲ್ಲಿ ನೀರಿತ್ತು. ಆ ನೀರು ಯಾತಕ್ಕಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವತ್ತು ನನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದ ಇನ್ನೊಂದು ಫೋನು ಮಾತ್ರ ಒಂಬತ್ತು ಮುಕ್ಕಾಲು ಕಿಲೋಮೀಟರೂ ಆಗಿಲ್ಲವೆಂದು ತೋರಿಸುತ್ತಿತ್ತು. ‘ಮಾವಿನ ಮರದ ಕೆಳಗೆ ಸಿಗ್ನಲ್ ಎಲ್ಲಿ ಸಿಗ್ತದೆ, ಬಿಡೇ’ ಎಂದ ಅಣ್ಣ. ಬಿಟ್ಟೆ.

ಈಗ ಇನ್ನೊಬ್ಬಳ ಮಾತು ಹೇಳಬೇಕು. ರಾಯಲ್ಪಾಡಿನ ಕಡೆಯ ಒಬ್ಬ ಹುಡುಗಿ, ನನಗಿಂತ ಎರಡು ವರ್ಷ ಚಿಕ್ಕವಳು. ಕೋಲಾರದ ಓಟಗಳಲ್ಲಿ ಸಿಗುತ್ತಿದ್ದಳು. ತೆಲುಗು ಬೆರೆತ ಕನ್ನಡದಲ್ಲಿ ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಸುತ್ತುತ್ತಿದ್ದಳು. ಅವಳೂ ಆ ಜಾಗಕ್ಕೆ ಓಡಿದ್ದಳು. ಸರ್ವೆಯವರನ್ನು ಕರೆಸಿ ಟೇಪ್ ಹಿಡಿಸಿ ಅಳೆದ ಡಾಂಬರು ರಸ್ತೆಯಲ್ಲಿ ಮೂವತ್ತೊಂಬತ್ತು ಹನ್ನೆರಡು. ನನಗಿಂತ ಹತ್ತೊಂಬತ್ತು ಸೆಕೆಂಡು ಮುಂದೆ. ಖುಷಿ ತಡೆಯಲಾರದೆ ವಿಡಿಯೋವನ್ನು ಕೋಚಿಗಿಂತ ಮೊದಲು ನನಗೇ ಕಳಿಸಿದ್ದಳು, ‘ಅಕ್ಕಾ ನೋಡಿ’ ಎಂದು.

ನೋಡಿದೆ. ಅವಳ ಮುಂದೆ, ಅವಳು ನಾಯ್ನ ಎಂದು ಕರೆಯುವ ಅವರಪ್ಪನ ಲಗೇಜ್ ಆಟೊ ಹೋಗುತ್ತಿತ್ತು. ಅದರಲ್ಲಿ ಖಾಲಿ ಟೊಮೇಟೊ ಕ್ರೇಟುಗಳನ್ನು ಆಳೆತ್ತರಕ್ಕೂ ಮೀರಿ ಕಟ್ಟಿದ್ದರು. ಎದುರುಗಾಳಿ ಇವಳಿಗೆ ತಾಗುವ ಹಾಗೇ ಇರಲಿಲ್ಲ.

ಹೊಟ್ಟೆ ಉರಿಯಿತು ಎಂದು ನೇರವಾಗಿ ಹೇಳಿಬಿಡುತ್ತೇನೆ. ಆದರೆ ಆ ಉರಿಗೆ ನ್ಯಾಯದ ಹೆಸರಿಟ್ಟುಕೊಂಡೆ. ಕೋಚಿಗೆ ಫೋನು ಮಾಡಿ, ‘ಸರ್, ಗಾಡಿ ಅಡ್ಡ ಇಟ್ಕೊಂಡು ಓಡೋದು ಬೋಗಸ್ ಅಲ್ವಾ? ನಾನು ಒಬ್ಬಳೇ ಓಡಿದೀನಿ’ ಎಂದೆ. ಅವರು ವಿಡಿಯೋ ಮತ್ತೆ ನೋಡಿ ಅವಳ ಓಟವನ್ನು ರದ್ದು ಮಾಡಿದರು. ಅವಳು ಫೋನು ಮಾಡಿ, ‘ಅಕ್ಕಾ, ಆಟೊ ಮುಂದೆ ಹೋಗಬಾರದು ಅಂತ ನಂಗೆ ಗೊತ್ತಿಲ್ಲ ಅಕ್ಕಾ. ಇನ್ನೊಂದ್ ಸಲ ಓಡ್ತೀನಿ ಅಂತ ನೀವೇ ಹೇಳಿ ಸರ್‌ಗೆ’ ಎಂದು ಕೇಳಿಕೊಂಡಳು. ನಿಯಮ ತಿಳ್ಕೊಂಡು ಓಡಬೇಕಿತ್ತು ಎಂದು ನಾನು ಪಾಠ ಹೇಳಿದೆ. ಜಾಗ ನನಗೆ ಸಿಕ್ಕಿತು. ಹಳ್ಳಿಯಲ್ಲಿ ಹಾರ ಹಾಕಿ ಕಳಿಸಿದರು.

ಶಿಬಿರದ ಕೆಂಪು ಟ್ರ್ಯಾಕಿನಲ್ಲಿ ಮೊದಲ ಸಲ ಹತ್ತು ಕಿಲೋಮೀಟರ್ ಓಡಿದಾಗ ನಲವತ್ತು ನಲವತ್ತನಾಲ್ಕು. ಹೊಸ ಜಾಗ, ಹೆದರಿಕೆ ಇರುತ್ತೆ ಎಂದರು ಕೋಚ್. ಹತ್ತು ದಿನ ಬಿಟ್ಟು ನಲವತ್ತು ಮೂವತ್ತೊಂಬತ್ತು. ಅವರು ನಕ್ಕು, ‘ಮನೆ ಗಡಿಯಾರ ಸ್ವಲ್ಪ ನಿಧಾನಾನೇ ಓಡೋದು’ ಎಂದು ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ಆ ಅಂಕಿಗಳು ನನಗೆ ಪರಿಚಯವಿದ್ದವು. ಹುತ್ತಕ್ಕೆ ಕುಂಕುಮ ಬೀಳುವ ಮೊದಲು ನಮ್ಮ ತೋಪಿನಲ್ಲಿ ಐದು ತಿಂಗಳು ನೋಡಿದ್ದ ಅಂಕಿಗಳೇ ಅವು.

ಹಬ್ಬಕ್ಕೆ ಊರಿಗೆ ಹೋದಾಗ ಬ್ಯಾಗಿನಲ್ಲಿ ಟೇಪ್ ಇತ್ತು. ಅಣ್ಣ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಪೈಪಿನ ಗುಂಟ ಅಳೆಯುತ್ತಾ ಬಂದೆ. ಮುನ್ನೂರ ಎಂಬತ್ತೊಂಬತ್ತು. ಲೆಕ್ಕ ತಪ್ಪಿರಬೇಕೆಂದು ಇನ್ನೊಂದು ಸಲ ಅಳೆದೆ. ಅಷ್ಟೇ. ಪೈಪಿನ ಒಂದು ತುದಿಯನ್ನು ಬೆರಳಿಂದ ಸವರಿದೆ. ಬಂಡಲಿನಲ್ಲಿ ಬಂದ ತುದಿಯಲ್ಲ, ಚೂರಿಯಿಂದ ಕೊಯ್ದದ್ದು. ಹಿತ್ತಲಿಗೆ ಬಂದರೆ ಪಪ್ಪಾಯಿ ಗಿಡಗಳ ಬುಡದಲ್ಲಿ ಹೊಸದೊಂದು ಕಪ್ಪು ಪೈಪು ನೀರು ತೊಟ್ಟಿಕ್ಕುತ್ತಾ ಮಲಗಿತ್ತು. ಅದನ್ನೂ ಅಳೆದೆ. ಹನ್ನೊಂದು ಮೀಟರ್. ಪಪ್ಪಾಯಿ ಚೆನ್ನಾಗಿ ಕಾಯಿ ಕಚ್ಚಿತ್ತು. ಸುತ್ತಿಗೆ ಹನ್ನೊಂದರಂತೆ ಇಪ್ಪತ್ತೈದು ಸುತ್ತಿಗೆ ಇನ್ನೂರ ಎಪ್ಪತ್ತೈದು ಮೀಟರ್ ನಾನು ಓಡಿಯೇ ಇರಲಿಲ್ಲ.

ಸಂಜೆ ಅಣ್ಣ ಬಂದು ಕೈಕಾಲು ತೊಳೆಯುತ್ತಿದ್ದಾಗ ಟೇಪನ್ನು ಅವನ ಮುಂದೆ ಹಾಕಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ಟವೆಲಿನಿಂದ ಮುಖ ಒರೆಸಿಕೊಂಡ.

‘ಪೊರೆ ಬಿಟ್ಟಿದ್ದು?’ ಎಂದೆ.

‘ಯಾವ ಪೊರೇನೂ ಇರಲಿಲ್ಲ.’

‘ಕುಂಕುಮ?’

‘ನಾನೇ ಹಾಕಿದ್ದು.’

‘ಅಮ್ಮ ಹಾಲು ಎರೀತಾಳಲ್ಲೋ ಅದಕ್ಕೆ!’

‘ಎರೀಲಿ ಬಿಡು. ಅದ್ರಿಂದೇನು ಕೆಟ್ಟದಾಯ್ತು?’ ಎಂದವನು ದನಿ ತಗ್ಗಿಸಿ ಹೇಳಿದ. ‘ನಲವತ್ತು ನಿನ್ನ ತಲೇಲಿ ಕೂತುಬಿಟ್ಟಿತ್ತು ಕಣೇ. ಕಾಲಲ್ಲಿ ಶಕ್ತಿ ಇತ್ತು, ತಲೆ ಬಿಡ್ತಿರಲಿಲ್ಲ. ಒಂದ್ ಸಲ ದಾಟಿದೀನಿ ಅಂತ ಗೊತ್ತಾದ್ರೆ ಸಾಕು, ಆಮೇಲೆ ನಿಜವಾಗ್ಲೂ ದಾಟ್ತೀಯ ಅಂದ್ಕೊಂಡೆ. ನೀನೇ ಹೇಳ್ತಿದ್ಯಲ್ಲ, ಆ ಎರಡು ಗಂಟೆಯವನು. ಅವನಿಗೆ ಕಾರು, ಲೈಟು, ಸುತ್ತ ಜನ. ದೊಡ್ಡೋರು ಮಾಡಿದ್ರೆ ಪ್ರಯೋಗ, ನಾನು ಮಾಡಿದ್ರೆ ಮೋಸಾನಾ?’

ಟೇಪನ್ನು ಎತ್ತಿ ಗೋಡೆಗೆ ಬಡಿದೆ. ಉತ್ತರ ಹೊಳೆದದ್ದು ಮರುದಿನ, ಬಸ್ಸಿನಲ್ಲಿ. ಕಾರಿನ ಹಿಂದೆ ಓಡಿದವನಿಗೆ ತನ್ನ ಮುಂದೆ ಕಾರಿದೆಯೆಂದು ಗೊತ್ತಿತ್ತು. ಅವನು ಎಷ್ಟು ದೂರ ಓಡುತ್ತಿದ್ದಾನೆಂದೂ ಗೊತ್ತಿತ್ತು. ಓಡಿದವಳಿಗೇ ಗೊತ್ತಿಲ್ಲದಿದ್ದರೆ ಅದು ಯಾವ ಪ್ರಯೋಗ? ಆ ತೋಪಿನಲ್ಲಿ ಎಲ್ಲರಿಗಿಂತ ಹೆಚ್ಚು ಮೋಸ ಹೋದವಳು ನಾನೇ. ಬೇರೆ ಯಾರಾದರೂ ಮಾಡಿದ್ದರೆ ಬೈದು ಮರೆತುಬಿಡುತ್ತಿದ್ದೆನೇನೋ. ನನ್ನ ಸುತ್ತುಗಳನ್ನು ಎಣಿಸಿದ ಕೈಯೇ ಪೈಪನ್ನೂ ಕೊಯ್ದಿತ್ತು. ನಿಜವಾದ ನಲವತ್ತನ್ನು ದಾಟುವ ತಾಕತ್ತು ನನಗಿಲ್ಲವೆಂದು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ. ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದೇ.

ಹಾಗಾದರೆ ಕೋಚಿಗೆ ಹೋಗಿ ಹೇಳಿದೆನೇ? ಇಲ್ಲ. ಹೇಳಬೇಕೆಂದು ಅವರ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ, ನೀರಿನ ಬಾಟಲಿ ತುಂಬಿಸಿಕೊಂಡು ವಾಪಸ್ಸು ಬಂದೆ. ಹೇಳಿದರೆ ಜಾಗ ಹೋಗುತ್ತದೆ. ತಪ್ಪು ನನ್ನದಲ್ಲವಲ್ಲ, ನಾನೂ ಮೋಸ ಹೋದವಳೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ವರ್ಷದ ಮೇಲೆ ಆ ಕೆಂಪು ಟ್ರ್ಯಾಕಿನಲ್ಲೇ ಮೂವತ್ತೊಂಬತ್ತು ಐವತ್ತೆರಡು ಬಂತು. ಸರಿಯಾದ ನಾನೂರು, ಸರಿಯಾದ ಇಪ್ಪತ್ತೈದು. ಸಂತೋಷವಾಗಲಿಲ್ಲ. ಓಟ ಮುಗಿದ ಮೇಲೆ ಗ್ರೌಂಡ್ಸ್‌ಮನ್ ಹತ್ತಿರ ಹೋಗಿ, ಈ ಟ್ರ್ಯಾಕನ್ನು ಯಾವಾಗ, ಯಾರು ಅಳೆದದ್ದು ಎಂದು ಕೇಳಿದೆ. ಅವನಿಗೆ ಆಶ್ಚರ್ಯವಾಯಿತು. ವಿಷಯ ತಿಳಿದ ಅಣ್ಣ ಹಳ್ಳಿಯಲ್ಲಿ ಮೈಸೂರು ಪಾಕ್ ಹಂಚಿದನಂತೆ. ‘ನೋಡ್ದಾ, ನಾನ್ ಹೇಳಿದ್ದೇ ಆಯ್ತಲ್ಲ’ ಎಂದ ಫೋನಿನಲ್ಲಿ. ಕಷ್ಟಪಟ್ಟು ಓಡಿದ ಆ ಒಂದು ಓಟವನ್ನೂ ತನ್ನದು ಮಾಡಿಕೊಂಡ. ಫೋನು ಇಟ್ಟೆ.

ಮೂರು ವರ್ಷದ ನಂತರ ಶಿಬಿರದಿಂದ ಹೊರಬಂದು ಕೋಲಾರದ ಒಂದು ಶಾಲೆಯಲ್ಲಿ ಆಟದ ಟೀಚರ್ ಆದೆ. ಮಕ್ಕಳನ್ನು ಓಡಿಸುವ ಮೊದಲು ಮೈದಾನವನ್ನು ನಾನೇ ಅಳೆಯುತ್ತೇನೆ. ಸುಣ್ಣದ ಗೆರೆಯನ್ನೂ ಬೇರೆಯವರಿಗೆ ಬಿಡುವುದಿಲ್ಲ. ಸಹೋದ್ಯೋಗಿಗಳು ಹಿಂದಿನಿಂದ ‘ಸರ್ವೇಯರ್ ಮೇಡಂ’ ಎನ್ನುವುದು ನನಗೆ ಗೊತ್ತಿದೆ. ಅಲ್ಲಿಗೆ ಬಂದ ಮೇಲೆ ಆ ರಾಯಲ್ಪಾಡಿನ ಹುಡುಗಿ ಓಟ ಬಿಟ್ಟು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ ಎಂಬ ಸುದ್ದಿ ಕಿವಿಗೆ ಬಿತ್ತು. ಆಮೇಲೆ ನನಗೆ ನೆಮ್ಮದಿ ಇಲ್ಲ. ನನ್ನಣ್ಣ ನನಗೆ ಮಾಡಿದ್ದನ್ನು ನೆನೆದು ಕುದಿಯುವಾಗಲೆಲ್ಲ ಅವಳ ‘ಅಕ್ಕಾ ನೋಡಿ’ ಎಂಬುದು ಅಡ್ಡ ಬರುತ್ತಿತ್ತು. ಹೋದ ತಿಂಗಳು ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಾಲೂರಿನ ಬಸ್ಸು ಹತ್ತಿದೆ.

ಎರಡು ಗಂಟೆಗೆ ಶಿಫ್ಟ್ ಬಿಟ್ಟಿತು. ನೀಲಿ ಕೋಟಿನ ಹೆಣ್ಣುಮಕ್ಕಳ ಗುಂಪಿನಲ್ಲಿ ಅವಳೇ ನನ್ನನ್ನು ಮೊದಲು ಗುರುತು ಹಿಡಿದಳು. ಸ್ವಲ್ಪ ಮೈ ಬಂದಿತ್ತು, ನಗು ಹಾಗೇ ಇತ್ತು. ‘ಅಕ್ಕಾ! ಏನಕ್ಕಾ ಇಷ್ಟು ದೂರ?’ ಎಂದು ಕೈ ಹಿಡಿದುಕೊಂಡಳು. ಗೇಟಿನ ಎದುರಿನ ಅಂಗಡಿಯಲ್ಲಿ ಟೀ ತೆಗೆದುಕೊಂಡೆವು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕಲಸಿಹೋಗಿ, ‘ಅವತ್ತಿನ ನನ್ನ ಓಟ ಸುಳ್ಳು ಕಣೇ. ಟ್ರ್ಯಾಕ್ ಹನ್ನೊಂದು ಮೀಟರ್ ಕಮ್ಮಿ ಇತ್ತು’ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವಳು ಬೆಚ್ಚಿಬೀಳಲಿಲ್ಲ. ಟೀ ಊದಿಕೊಂಡು ಒಂದು ಗುಟುಕು ಕುಡಿದಳು.

‘ಗೊತ್ತು ಅಕ್ಕಾ’ ಎಂದಳು.

‘ಹೇಗೆ?’ ಎಂದೆ.

‘ನೀವು ಬೆಂಗಳೂರಿಗೆ ಹೋದ ಮುಂದಿನ ವಾರ ನಾನೂ ನಮ್ಮ ನಾಯ್ನಾನೂ ನಿಮ್ಮ ತೋಪಿಗೆ ಬಂದಿದ್ವಿ. ಅಂಥಾದ್ದೇ ಟ್ರ್ಯಾಕ್ ನಾವೂ ಮಾಡ್ಕೊಳ್ಳೋಣ ಅಂತ. ನಾಲ್ಕು ಸುತ್ತು ಓಡಿದ್ನೋ ಇಲ್ವೋ, ಕಾಲಿಗೆ ತಿಳಿದೋಯ್ತು. ಬೇಗ ಬೇಗ ಬಂದುಬಿಡ್ತಿತ್ತು ಶೆಡ್ಡು. ನಾಯ್ನ ಅಳೆದು ನೋಡಿದ್ರು. ಸರ್‌ಗೆ ಫೋನ್ ಮಾಡ್ತೀನಿ ಅಂತ ಎದ್ದೇಬಿಟ್ರು. ಆಗ ನಿಮ್ಮಣ್ಣ ಬಂದು ನನ್ನ ಎರಡೂ ಕೈ ಹಿಡ್ಕೊಂಡು ಅತ್ತುಬಿಟ್ರಲ್ಲ ಅಕ್ಕಾ. ನೀವು ಹೇಳಿ ಕಳಿಸಿದ್ದೆಲ್ಲ ಹೇಳಿದ್ರು.’

‘ನಾನು? ಏನು ಹೇಳಿ ಕಳಿಸಿದ್ದೆ?’

‘ಅದೇ. ನಿನ್ನ ಬಗ್ಗೆ ಸರ್ ಹತ್ರ ಹೇಳಿದ್ಮೇಲೆ ಅವಳಿಗೆ ನಿದ್ದೇನೇ ಇಲ್ಲ, ದಿನಾ ಅಳ್ತಾಳೆ, ಎದುರಿಗೆ ಬರೋಕೆ ಮುಖ ಇಲ್ಲ, ತಪ್ಪಾಯ್ತು ಅಂತ ಹೇಳು ಅಂದಿದಾಳೆ ಅಂತ. ನಂಗೆ ಅದು ಕೇಳಿ ಮನಸು ಕರಗಿಹೋಯ್ತು. ಪೋನೀಲೇ, ಹೋಗ್ಲಿ ಬಿಡು, ಅಕ್ಕ ತಪ್ಪಾಯ್ತು ಅಂದ್ರಲ್ಲ ಅಂತ ನಾಯ್ನನ ಕೈಯಿಂದ ಫೋನ್ ಕಿತ್ಕೊಂಡೆ. ಆಮೇಲೆ ಯಾರಾದ್ರೂ ನನ್ನ ಬೋಗಸ್ ಅಂತ ಆಡ್ಕೊಂಡಾಗೆಲ್ಲ ಅದನ್ನೇ ನೆನೆಸ್ಕೊಳ್ತಿದ್ದೆ.’

ಟೀ ಲೋಟ ಕೈಯಲ್ಲಿ ಸುಡುತ್ತಿತ್ತು, ಕೆಳಗಿಡಲು ತೋಚಲಿಲ್ಲ. ಪೈಪು ಕೊಯ್ದದ್ದಷ್ಟೇ ಎಂದುಕೊಂಡಿದ್ದೆ. ನನ್ನ ಬಾಯಿಯ ಮಾತನ್ನೂ ಅವನೇ ಆಡಿಬಿಟ್ಟಿದ್ದ. ನಾನು ಅಳದ ಅಳುವನ್ನು ಅತ್ತು, ನಾನು ಕೇಳದ ಕ್ಷಮೆಯನ್ನು ಕೇಳಿ, ಅದನ್ನು ಈ ಹುಡುಗಿಯ ಕೈಗಿಟ್ಟು, ಮನೆಗೆ ಬಂದ ನನ್ನ ಮುಂದೆ ಏನೂ ನಡೆದೇ ಇಲ್ಲವೆಂಬಂತೆ ಮುಖ ಒರೆಸಿಕೊಂಡು ನಿಂತಿದ್ದ. ಹೌದು, ನಾನೇ ಹೇಳಿ ಕಳಿಸಿದ್ದೆ ಎಂದು ಒಂದು ಮಾತು ಅಂದರೆ ಮುಗಿಯುತ್ತಿತ್ತು. ಅವಳು ನಗುತ್ತಾ ಬಸ್ಸು ಹತ್ತುತ್ತಿದ್ದಳು. ಆದರೆ ಇನ್ನೊಂದು ಸುಳ್ಳು ಅಳತೆಯನ್ನು ನನ್ನ ಹೆಸರಿಗೆ ಬರೆಸಿಕೊಳ್ಳಲು ನನ್ನಿಂದಾಗಲಿಲ್ಲ.

‘ನಾನು ಏನೂ ಹೇಳಿ ಕಳಿಸಿರಲಿಲ್ಲ ಕಣೇ’ ಎಂದೆ. ‘ಟ್ರ್ಯಾಕ್ ಕಮ್ಮಿ ಇರೋದು ಆಗ ನಂಗೆ ಗೊತ್ತೇ ಇರಲಿಲ್ಲ. ನಿನ್ನ ವಿಷಯಕ್ಕೆ ಅತ್ತಿರಲೂ ಇಲ್ಲ.’

ಅವಳ ಮುಖದ ಮೇಲಿನ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಕಾರ್ಖಾನೆಯ ಬಸ್ಸು ಹಾರ್ನ್ ಹೊಡೆಯಿತು. ಅವಳು ಅತ್ತ ತಿರುಗಲಿಲ್ಲ.

‘ಹಂಗಾದ್ರೆ’ ಎಂದಳು, ‘ಇಷ್ಟು ವರ್ಷ ನಂಗೆ ಯಾರೂ ತಪ್ಪಾಯ್ತು ಅಂತ ಹೇಳೇ ಇಲ್ವಾ ಅಕ್ಕಾ?’